ಕಾಗದದ ನಾರು ಮತ್ತು ತುಂಗಭದ್ರಾ ತೀರದ ಹಿಡುವಳಿಗಳು

ಗ್ರಾಮದ ಲೆಕ್ಕಪತ್ರಗಳನ್ನು ಒಂದು ಕಾಲದಲ್ಲಿ ಶಾನುಭೋಗರು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಪುಸ್ತಕಕ್ಕಾಗಿ ಕಾಡನ್ನು ಕಡಿಯಬೇಕಾಗಿರಲಿಲ್ಲ. ಯಂತ್ರದ ಕಾಗದವು ಬಂದ ಮೇಲೆ ಸ್ಥಿತಿಯು ಬೇರೆಯಾಯಿತು. ಕಾಗದದ ನಾರು ಬೆಟ್ಟದಿಂದ ಬರಬೇಕೋ ಹೊಲದಿಂದ ಬರಬೇಕೋ ಎಂಬ ಪ್ರಶ್ನೆಯು ಹೊಸಪೇಟೆ, ಕಂಪ್ಲಿ, ಸಂಡೂರು ಪ್ರಾಂತದ ಮುಖಂಡರೂ ಭೂಮಾಲೀಕರೂ ವಿಚಾರಿಸತಕ್ಕದ್ದಾಗಿದೆ.

ಕಾಗದವೆಂಬುದು ಸಸ್ಯದ ನಾರುಗಳ ಹೆಣಿಗೆಯೇ ಹೊರತು ಬೇರೆಯಲ್ಲ. ಮರವನ್ನಾಗಲಿ ಬಿದಿರನ್ನಾಗಲಿ ಚಕ್ಕೆಮಾಡಿ, ಕಾಸ್ಟಿಕ್ ಸೋಡಾ ಮೊದಲಾದ ಕ್ಷಾರಗಳೊಡನೆ ಒತ್ತಡದಲ್ಲಿ ಬೇಯಿಸಿದರೆ, ನಾರುಗಳನ್ನು ಅಂಟಿಸಿಕೊಂಡಿರುವ ಲಿಗ್ನಿನ್ ಎಂಬ ದ್ರವ್ಯವು ಕರಗಿ ಪಲ್ಪು ಸಿದ್ಧವಾಗುತ್ತದೆ. ಒಣತೂಕದ ಸುಮಾರು ಅರ್ಧಭಾಗ ಮಾತ್ರ ಹೀಗೆ ದೊರೆಯುವುದು; ಉಳಿದದ್ದು ಕಪ್ಪುದ್ರವದಲ್ಲಿ ಹೋಗುತ್ತದೆ. ಒಳ್ಳೆಯ ಕಾರ್ಖಾನೆಯು ಅದನ್ನು ಬತ್ತಿಸಿ ಉರಿಸಿ ಕ್ಷಾರವನ್ನು ಮರಳಿ ಪಡೆಯುತ್ತದೆ. ಹಾಗೆ ಮಾಡದಿದ್ದಲ್ಲಿ ಕೆಳಗಿನ ಊರುಗಳ ನೀರು ಕೆಡುವುದು.

ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆಯು ೧೯೩೬ರಲ್ಲಿ ಸ್ಥಾಪಿತವಾಯಿತು. ದಾಂಡೇಲಿಯ ಕಾರ್ಖಾನೆಯು ೧೯೫೦ರ ದಶಕದಲ್ಲಿ ಹುಟ್ಟಿತು. ಎರಡಕ್ಕೂ ಮೊದಲು ಆಧಾರವಾದದ್ದು ಕಾಡಿನ ಬಿದಿರು. ಅದು ಅತ್ಯಲ್ಪ ರಾಜಧನಕ್ಕೆ ದೊರೆಯುತ್ತಿದ್ದುದರಿಂದ ಕಾಪಾಡಿಕೊಳ್ಳಬೇಕೆಂಬ ಚಿಂತೆಯು ಯಾರಿಗೂ ಹತ್ತಲಿಲ್ಲ. ೧೯೭೦ರ ದಶಕದಲ್ಲಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರುಮೆಳೆಗಳನ್ನು ಪರೀಕ್ಷಿಸಿದಾಗ ಒಂದು ವಿಚಿತ್ರವು ಹೊರಬಿದ್ದಿತು. ಕಡಿಯಲು ಸುಲಭವಾಗಲೆಂದು ಮೆಳೆಯ ಬುಡದ ಮುಳ್ಳುಗಳನ್ನು ಕೂಲಿಗಳು ಸವರಿ ತೆಗೆಯುತ್ತಿದ್ದರು. ಮುಳ್ಳಿನ ಬೇಲಿ ಹೋದೊಡನೆ ಎಳೆಯ ಕಳಲೆಯನ್ನು ದನಗಳೂ ಕಾಡುಮೃಗಗಳೂ ತಿಂದು ಮುಗಿಸುತ್ತಿದ್ದುವು. ಸುತ್ತಲಿನ ಹಳ್ಳಿಗರಿಗೆ ಇದು ಮೊದಲೇ ಗೊತ್ತಿದ್ದಿತು. ಅವರನ್ನು ಕೇಳಿದವರಿರಲಿಲ್ಲ.

ಗ್ರಾಮದ ಬಂಜರನ್ನು ಕೈಗಾರಿಕೆಗೆ ಒಪ್ಪಿಸುವುದೂ ಪರಿಹಾರವಾಗಲಿಲ್ಲ. ೧೯೮೪ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಗಾಗಿ ಸುಮಾರು ೩೦,೦೦೦ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವ ಏರ್ಪಾಡಾಯಿತು. ಹುಲ್ಲು, ಸೌದೆ, ಮೇವು ತಪ್ಪಿದ ರೈತರು ೧೯೮೭ರ ನವೆಂಬರ್ ೧೪ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಸಿಗಳನ್ನು ಕಿತ್ತು, ಉಪಯುಕ್ತವಾದ ಗಿಡಗಳನ್ನು ನೆಟ್ಟು ಸತ್ಯಾಗ್ರಹ ಹೂಡಿದರು. ೧೯೯೧ರಲ್ಲಿ ಆ ಸಂಸ್ಥೆಯು ಮುಚ್ಚಿತು. ಗೋಮಾಳದ ವಿಷಯದಲ್ಲಿ ಯಾವ ಒಪ್ಪಂದವನ್ನಾದರೂ ಊರನ್ನು ಕೂಡಿಸಿ ವಿಚಾರಿಸದೆ ಮಾಡತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯು ಸಹ, ಕಾರ್ಖಾನೆಗಳು ತಮಗೆ ಬೇಕಾದ ಕಚ್ಚಾಮಾಲನ್ನು ಬೆಳೆಗಾರರೊಡನೆ ನೇರವಾಗಿ ಸಂಬಂಧವಿಟ್ಟುಕೊಂಡು ಪಡೆಯುವುದೇ ಲೇಸೆಂದು ವಿಧಿಸಿತು.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ವಿಜಯನಗರದ ಅರಸರ ಕಾಲದ ಕಾಲುವೆಗಳಿಂದಲೂ, ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ನೀರಿನಿಂದಲೂ ಇಲ್ಲಿ ಕಬ್ಬು, ಬತ್ತ, ಬಾಳೆ ಬೆಳೆಯುತ್ತವೆ. ಅರೆದ ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ೩೦ ಪಾಲು ಸಿಪ್ಪೆಯಾಗಿ ಉಳಿಯುವುದು. ಅದರಲ್ಲಿ ಅರ್ಧ ತೇವ. ಒಳಗಿನ ಬೆಂಡನ್ನು ಬೇರ್ಪಡಿಸಿದರೆ ಉಳಿದ ನಾರು ಬರೆಯುವ ಕಾಗದಕ್ಕೂ ಪತ್ರಿಕೆಯ ಕಾಗದಕ್ಕೂ ಯೋಗ್ಯವಾದದ್ದು. ತಮಿಳುನಾಡಿನ ಕರೂರಿನ ಬಳಿ ೧೯೭೯ರಲ್ಲಿ ಸ್ಥಾಪಿತವಾದ ಸರಕಾರಿ ಕಾರ್ಖಾನೆಯು ಈ ಸಿಪ್ಪೆಯನ್ನೇ ಮುಖ್ಯವಾಗಿ ನೆಚ್ಚಿಕೊಂಡು ನಡೆಯಿತು.

ಹಾಗಾದರೆ ಕಂಪ್ಲಿಯ ಆಲೆಮನೆಗಳ ಸಿಪ್ಪೆಯನ್ನೆಲ್ಲ ಮಾರಬಹುದಲ್ಲವೆ ಎಂದು ಕೇಳುವವರುಂಟು. ಇಲ್ಲಿ ಎಚ್ಚರಿಕೆಯು ಅವಶ್ಯಕ. ಆಲೆಮನೆಯ ಒಲೆಗೆ ಒಣಸಿಪ್ಪೆಯೇ ಸೌದೆ. ಅದನ್ನು ಲಾರಿಗೆ ಹೇರಿ ಕಳುಹಿಸಿ, ಬೆಲ್ಲದ ಕೊಪ್ಪರಿಗೆಯ ಕೆಳಗೆ ಸಂಡೂರು ಬೆಟ್ಟದ ದಿಂಡಿಗವನ್ನೋ ದರೋಜಿಯ ಕುರುಚಲನ್ನೋ ಉರಿಸಿದರೆ, ಕಾಗದಕ್ಕಾಗಿ ಉಳಿಸಿದ ಕಾಡನ್ನು ಬೆಲ್ಲಕ್ಕಾಗಿ ಕಳೆದಂತಾಗುವುದು. ಗಣಿಗಳಿಂದ ನೊಂದ ಸಂಡೂರಿನ ಬೆಟ್ಟಗಳಿಗೆ ಈ ಭಾರವೂ ಬೇಡ. ಕರೂರಿನವರು ಸಹ ಸಕ್ಕರೆ ಕಾರ್ಖಾನೆಗಳಿಗೆ ಬದಲಿ ಉರುವಲನ್ನು ಒದಗಿಸಿಯೇ ಸಿಪ್ಪೆಯನ್ನು ಪಡೆದರು.

ಆದುದರಿಂದ ಮೊದಲು ಒಲೆಯನ್ನು ಸುಧಾರಿಸತಕ್ಕದ್ದು. ಗಾಳಿಯ ಹರಿವು ಸರಿಯಾಗಿರುವ, ಎತ್ತರದ ಹೊಗೆಕೊಳವೆಯುಳ್ಳ ಒಲೆಯಲ್ಲಿ ಚೆನ್ನಾಗಿ ಒಣಗಿದ ಸಿಪ್ಪೆಯನ್ನು ಉರಿಸಿದರೆ ಒಂದಷ್ಟು ಮಿಗುತ್ತದೆ. ಮಿಕ್ಕದ್ದನ್ನು ಮಾತ್ರ ಮಾರಾಟಕ್ಕೆ ಇಡಬಹುದು. ಇನ್ನೂ ಉರುವಲು ಬೇಕಾದರೆ ಬಳ್ಳಾರಿ ಜಾಲಿಯಿದೆ. ನಮ್ಮ ಜಿಲ್ಲೆಯ ಹೆಸರನ್ನು ಹೊತ್ತಿದ್ದರೂ ಈ ಗಿಡವು ಅಮೆರಿಕ ಖಂಡದಿಂದ ಬಂದ ಪರದೇಶಿ! ಕೆರೆಯಂಗಳವನ್ನೂ ಹಾಳುಹೊಲವನ್ನೂ ಅದು ಆಕ್ರಮಿಸಿರುವುದು ಎಲ್ಲರಿಗೂ ತಿಳಿದದ್ದೇ. ಕಡಿದಷ್ಟೂ ಚಿಗುರುವುದು, ಉರಿಯೂ ಬಲವಾದದ್ದು.

ಹಂಪಿ, ಕಮಲಾಪುರಗಳ ಬಾಳೆದಿಂಡಿನ ನಾರು ಕಾರ್ಖಾನೆಗಿಂತ ಕೈಕಸಬಿಗೆ ಒಗ್ಗುವುದು. ಹೊಳೆಯಾಚೆಯ ಆನೆಗೊಂದಿಯ ಹೆಂಗಸರು ಅದರಿಂದ ಚೀಲ ಮೊದಲಾದ ಸಾಮಾನುಗಳನ್ನು ಹೆಣೆಯುತ್ತಾರೆ.

ಬಿದಿರನ್ನು ಬದುಗಳಲ್ಲಿ ಬೆಳೆಸಲು ಈಗ ಅಡ್ಡಿ ಕಡಮೆ. ೨೦೧೭ರ ತಿದ್ದುಪಡಿಯಿಂದ, ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯಿದೆಯಲ್ಲಿ ಮರವೆಂದು ಎಣಿಕೆಯಾಗುವುದಿಲ್ಲ. ನೀರು ನಿಲ್ಲುವ ಬತ್ತದ ಗದ್ದೆಗಳ ಅಂಚು ಇದಕ್ಕೆ ಹೊಂದದು. ನೀರು ಬಸಿದುಹೋಗುವ ಮೇಲ್ಭೂಮಿಯೇ ತಕ್ಕದ್ದು. ನೆಟ್ಟ ನಾಲ್ಕೈದು ವರ್ಷಗಳ ತರುವಾಯ ಕಟಾವು ಆರಂಭಿಸಬಹುದು. ಮಳೆಗಾಲದಲ್ಲಿ ಕಳಲೆಯೇಳುವಾಗ ಮೆಳೆಯನ್ನು ಮುಟ್ಟತಕ್ಕದ್ದಲ್ಲ. ಎರಡು ವರ್ಷಕ್ಕೆ ಕಿರಿದಾದ ಗಳುಗಳನ್ನು ಉಳಿಸಿ, ಬಲಿತವನ್ನು ಬುಡದ ಗೆಣ್ಣಿನ ಮೇಲೆ ಓರಣವಾಗಿ ಕಡಿಯಬೇಕು. ಗಡ್ಡೆಯನ್ನು ಅಗೆದರೆ ಮೆಳೆಯೇ ಹೋದಂತೆ.

ಕಡೆಯದಾಗಿ ಸಾಗಣೆಯ ವಿಚಾರ. ಭದ್ರಾವತಿಯ ಕಾರ್ಖಾನೆಯಲ್ಲಿ ೨೦೧೫-೧೬ರ ಸುಮಾರಿಗೆ ಉತ್ಪಾದನೆಯು ನಿಂತಿತು, ದಾಂಡೇಲಿಯು ದೂರ. ಹಗುರವೂ ಗಾತ್ರದಲ್ಲಿ ದೊಡ್ಡದೂ ಆದ ಸಿಪ್ಪೆಯಂಥ ಮಾಲಿಗೆ ಬಾಡಿಗೆಯೇ ಬೆಲೆಯನ್ನು ನುಂಗೀತು. ಒಬ್ಬೊಬ್ಬರೇ ವ್ಯವಹರಿಸುವುದಕ್ಕಿಂತ ಹಲವು ಆಲೆಮನೆಗಳವರು ಒಂದು ಸಹಕಾರ ಸಂಘವಾಗಿ ಕೂಡಿ, ಸಿಪ್ಪೆಯನ್ನು ಒತ್ತಿ ಪಿಂಡಿಕಟ್ಟಿ, ತೇವಕ್ಕೆ ಎಷ್ಟು ಕಳೆಯಬೇಕು, ತೂಕ ಎಲ್ಲಿ ಆಗಬೇಕು, ಬಾಡಿಗೆ ಯಾರದು ಎಂಬುದನ್ನು ಕಟಾವಿಗೆ ಮುಂಚೆಯೇ ಲಿಖಿತವಾಗಿ ಗೊತ್ತುಮಾಡಿಕೊಳ್ಳುವುದು ಉತ್ತಮ. ಬಿದಿರಿನ ವಿಷಯದಲ್ಲಿ ಮೇದಾರರೂ ತೋಟಗಾರರೂ ಊರ ಬಳಿಯಲ್ಲೇ ಇರುವ ಗಿರಾಕಿಗಳೆಂಬುದನ್ನು ಲೆಕ್ಕಕ್ಕೆ ಹಿಡಿದು, ಆ ಬೆಲೆಯನ್ನು ವಿಚಾರಿಸಿದ ಮೇಲೆಯೇ ಕಾರ್ಖಾನೆಯ ದರವನ್ನು ತೂಗಿನೋಡತಕ್ಕದ್ದು.