ಟ್ರೇಲರ್‌ನ ಸವೆದ ಕಮಾನುಪಟ್ಟಿ ಬದಲಾಯಿಸುವ ಕ್ರಮ

ಕಬ್ಬಿನ ಸಾಗಣೆ ಮುಗಿದೊಡನೆ ಖಾಲಿ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ, ಕಮಾನು ಚಪ್ಪಟೆಯಾಗಿದ್ದರೆ ಅಥವಾ ಪಟ್ಟಿಯಲ್ಲಿ ಬಿರುಕಿದ್ದರೆ ಬದಲಾಯಿಸುವುದು ಅಗತ್ಯ. ಮುರಿದ ಪಟ್ಟಿಗೆ ಬೆಸುಗೆ ಹಾಕಿಸುವ ರೈತರಿದ್ದಾರೆ. ಇದು ಉಳಿತಾಯವಲ್ಲ. ಸುಮಾರು ಶೇಕಡಾ 0.5ರಷ್ಟು ಇಂಗಾಲವಿರುವ ಈ ಉಕ್ಕಿಗೆ ಕಾಯಿಸಿ ಹದ ಕೊಟ್ಟಿರುತ್ತಾರೆ. ಬೆಸುಗೆಯ ಕಾವಿಗೆ ಆ ಹದ ಕೆಟ್ಟು, ಪಟ್ಟಿಯು ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಅದೂ ತುಂಬಿದ ಹೇರಿನಡಿಯಲ್ಲಿ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಹಾಕಿಡಿ. ಎರಡು ಚಕ್ರದ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಕಳಚಕೂಡದು. ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ನಂತರ ಜಾಕ್‌ನಿಂದ ಎತ್ತಿ ಚಾಸಿಯನ್ನು ಗಟ್ಟಿಮುಟ್ಟಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸತಕ್ಕದ್ದು. ಇಟ್ಟಿಗೆ, ಕಲ್ಲು ಸಲ್ಲವು, ಭಾರಕ್ಕೆ ಒಡೆಯುತ್ತವೆ. ಬರೀ ಜಾಕ್ ನಂಬಿ ಅಡಿಗೆ ನುಸುಳಿದರೆ ಪ್ರಾಣಕ್ಕೇ ಸಂಚಕಾರ.

ಅಚ್ಚಿಗೆ ಇನ್ನೊಂದು ಜಾಕ್ ಆನಿಸಿ, ಕಮಾನಿನ ಬಿಗುವು ಇಳಿದ ಮೇಲೆ ಯು-ಬೋಲ್ಟ್, ಆಮೇಲೆ ತುದಿಯ ಪಿನ್ನುಗಳನ್ನು ಬಿಚ್ಚಬೇಕು. ಪಟ್ಟಿಗಳ ನಡುವಿನ ಬೋಲ್ಟನ್ನು ಮಾತ್ರ ಹಾಗೇ ಬಿಚ್ಚಬಾರದು: ಪಟ್ಟಿಗಳು ಸಿಡಿದು ಕೈ ಮುರಿದೀತು.

ಹೊಸ ಕಮಾನುಗಳನ್ನು ಎರಡೂ ಪಕ್ಕಕ್ಕೆ ಒಟ್ಟಿಗೆ ಹಾಕುವುದು ಲೇಸು. ನಡುಬೋಲ್ಟಿನ ತಲೆ ಅಚ್ಚಿನ ಪೀಠದ ರಂಧ್ರದಲ್ಲಿ ಸರಿಯಾಗಿ ಕೂರಬೇಕು. ಇಲ್ಲವಾದರೆ ಅಚ್ಚು ಓರೆಯಾಗಿ ಟಯರು ಬೇಗ ಸವೆಯುತ್ತದೆ. ಯು-ಬೋಲ್ಟುಗಳು ಹೊಸವಿರಲಿ. ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದು, ಮೊದಲ ಹೇರು ಸಾಗಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿಯಬೇಕು.