ಏರಿ ಅವರದು, ಕೆಳಗಿನ ಮನೆ ನಮ್ಮದು

ಡೊಂಬಿವಲಿ, ಕಲ್ಯಾಣದಲ್ಲಿ ದುಡಿದು ಬದಲಾಪುರ, ಮುರಬಾಡ ಕಡೆ ತುಂಡು ಜಾಗ ಮಾಡಿಕೊಂಡವರು ನಮ್ಮಲ್ಲಿ ಕಮ್ಮಿಯಿಲ್ಲ. ಮೇಲಿನ ಫಾರ್ಮ್‌ಹೌಸಿನವರು ಹಳ್ಳಕ್ಕೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದರೆ, ಅವರ ಜಾಗದಲ್ಲಿ ಅವರು ಕೆರೆ ಕಟ್ಟಿಕೊಂಡರೆ ನಾವೇನು ಕೇಳುವುದು ಎಂಬ ಸಂಕೋಚ. ಕೇಳಬಹುದು. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966ರ 20ನೇ ಕಲಮಿನ ಪ್ರಕಾರ, ಬೇರೆಯವರ ಹಕ್ಕು ಸಾಬೀತಾಗದ ಹೊರತು ನದಿ, ಹಳ್ಳ, ಹರಿಯುವ ನೀರು ಸರ್ಕಾರದ ಸ್ವತ್ತು.

ಆದರೆ ಕೇಳುವುದು ಬರವಣಿಗೆಯಲ್ಲಿರಲಿ, ಮಳೆಗಾಲಕ್ಕೆ ಮುಂಚೆಯೇ ಆಗಲಿ. ಕಾರಣ ಹಳೆಯ ಎರಡು ತೀರ್ಪುಗಳಲ್ಲಿದೆ. 1860ರಲ್ಲಿ ಇಂಗ್ಲೆಂಡಿನ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕನ ಜಲಾಶಯದ ನೀರು ಫ್ಲೆಚರ್ ಎಂಬಾತನ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕನ ಸ್ವಂತ ತಪ್ಪಿರಲಿ ಬಿಡಲಿ, ನಷ್ಟದ ಹೊಣೆ ಅವನದೇ ಎಂದು 1868ರಲ್ಲಿ ತೀರ್ಪಾಯಿತು. ಆದರೆ 1874ರಲ್ಲಿ ಪ್ರಿವಿ ಕೌನ್ಸಿಲ್ ಮದ್ರಾಸ್ ಪ್ರಾಂತ್ಯದ ಪ್ರಕರಣವೊಂದರಲ್ಲಿ ಬೇರೆ ದಾರಿ ಹಿಡಿಯಿತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲುಮಾರ್ಗಕ್ಕೆ ಹಾನಿಯಾಗಿತ್ತು. ಊರಿನ ಬದುಕಿಗೆ ಬೇಕಾದ ಪುರಾತನ ಕೆರೆಗಳಿವು, ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲ ಎಂದಿತು. ರೆಸಾರ್ಟಿನವರ ದೋಣಿವಿಹಾರದ ಹೊಂಡಕ್ಕೆ ಈ ರಕ್ಷಣೆ ಸಲ್ಲದು ಎಂದು ವಾದಿಸಬಹುದು, ನನ್ನ ಅಭಿಪ್ರಾಯವೂ ಅದೇ. ಆದರೂ ವಾದವೊಂದನ್ನೇ ನಂಬಿ ಕೂರುವಂತಿಲ್ಲ. ಏರಿ ಒಸರುತ್ತಿದೆ ಎಂದು ಮಾಲೀಕರಿಗೆ ನೀವು ಮೊದಲೇ ಕಳಿಸಿದ ರಿಜಿಸ್ಟರ್ಡ್ ಪತ್ರವಿದ್ದರೆ 'ನಮಗೆ ಗೊತ್ತೇ ಇರಲಿಲ್ಲ' ಎಂಬ ಮಾತಿಗೆ ಎಡೆಯಿರದು.

ಒಸರುವುದು ಖಾಸಗಿ ಏರಿ ಮಾತ್ರವಲ್ಲ. ಚಿಪಳೂಣ ತಾಲ್ಲೂಕಿನ ತಿವರೆ ಅಣೆಕಟ್ಟು ಸರ್ಕಾರದ್ದೇ. ಸೋರುತ್ತಿದೆ ಎಂದು ಹಳ್ಳಿಯವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದು ಇಪ್ಪತ್ತರಷ್ಟು ಜನ ಸತ್ತರು. ಏಡಿಗಳು ಏರಿ ಕೊರೆದವು ಎಂದು ಆಗಿನ ಜಲಸಂರಕ್ಷಣಾ ಮಂತ್ರಿ ಹೇಳಿದಾಗ ರಾಜ್ಯವೇ ನಕ್ಕಿತು. ಬಿಲಗಳಿಂದ ಮಣ್ಣಿನ ಏರಿಗೆ ಅಪಾಯವಿರುವುದೇನೋ ನಿಜ, ಆದರೆ ಬಿಲ ಹುಡುಕಿ ಮುಚ್ಚುವ ಕೆಲಸ ಏಡಿಯದಲ್ಲವಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಎಲ್ಲ ಏರಿಗಳಿಗೂ ಅನ್ವಯಿಸದು. ಅಡಿಪಾಯದ ಅತಿ ತಗ್ಗಿನಿಂದ ಅಳೆದು ಎತ್ತರ 15 ಮೀಟರ್ ಮೀರಬೇಕು. 10ರಿಂದ 15 ಮೀಟರಾದರೆ ಏರಿಯ ಉದ್ದ 500 ಮೀಟರ್ ಅಥವಾ ನೀರಿನ ಸಂಗ್ರಹ 10 ಲಕ್ಷ ಘನಮೀಟರ್ ಮುಟ್ಟುವಂಥ ಷರತ್ತುಗಳಲ್ಲಿ ಒಂದಾದರೂ ಕೂಡಿಬರಬೇಕು. ಅಂಥ ಅಣೆಕಟ್ಟಿನ ಮಾಲೀಕ ಕಂಪನಿಯಾದರೂ ಮಳೆಗಾಲದ ಹಿಂದೆ ಮುಂದೆ ತಪಾಸಣೆ ಮಾಡಿಸಲೇಬೇಕು.

ಫಾರ್ಮ್‌ಹೌಸಿನ ಏರಿ ಸಾಮಾನ್ಯವಾಗಿ ಇದರೊಳಗೆ ಬಾರದು. ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿದೆ, ಹಳೆಯ ಸಿಆರ್‌ಪಿಸಿಯ 133. ಬೀಳುವಂತಿರುವ ಕಟ್ಟಡ ಅಥವಾ ರಚನೆಯನ್ನು ದುರಸ್ತಿ ಮಾಡಿ, ಇಲ್ಲವೇ ತೆಗೆಯಿರಿ ಎಂದು ಉಪವಿಭಾಗಾಧಿಕಾರಿ ಆದೇಶಿಸಬಹುದು. ಅರ್ಜಿ ಕೊಡಲು ನೀವು ಜಾಗದ ಮಾಲೀಕರಾಗಿರಬೇಕಿಲ್ಲ, ಬಾಡಿಗೆಯವರೂ ಕೊಡಬಹುದು. ವಿಚಾರಣೆಗೆ ಮೊದಲೇ ಅಪಾಯ ಎದುರಾಗುವಂತಿದ್ದರೆ 161ನೇ ಕಲಮಿನಡಿ ತುರ್ತು ಆದೇಶವನ್ನೂ ಕೋರಿ.

ಯಾರ ಏರಿ ಎಂಬುದು ಸಾತ್‌ಬಾರಾ ಪಹಣಿಯಲ್ಲಿ ಸಿಗುತ್ತದೆ, ಸರ್ವೆ ನಂಬರ್ ಗೊತ್ತಿರಲಿ. ಅರ್ಜಿ ಯಾವ ಜಿಲ್ಲೆಗೆ ಎಂಬುದೂ ತಿಳಿದಿರಲಿ: ಬೇಲಾಪುರ, ವಾಶಿ ಠಾಣೆ ಜಿಲ್ಲೆಗೆ ಸೇರಿದರೆ ಖಾರ್‌ಘರ್, ಕಾಮೋಠೆ ರಾಯಗಡಕ್ಕೆ. ಅಲ್ಲಿನ ಜಿಲ್ಲಾಧಿಕಾರಿ ಅಲಿಬಾಗಿನಲ್ಲಿ. ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ, ದಿನಾಂಕವಿರುವ ಫೋಟೊ ಲಗತ್ತಿಸಿ, ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅನುಮತಿಯಿತ್ತೇ, ಕೋಡಿಯ ನಕ್ಷೆ ಇದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನ, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ.

ಏರಿಯ ಬುಡದಲ್ಲಿ ಒಸರುವ ನೀರು ಕೆಂಪಾಗಿ ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ಅರ್ಜಿ ಬರೆಯುತ್ತ ಕೂರಬೇಡಿ. ಹಳ್ಳದ ಕೆಳಗಿನವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿ, 112ಕ್ಕೆ ಫೋನ್ ಮಾಡಿ.