ನೆಟ್ ಬರ್ತಾ ಇಲ್ವಾ? ಮೊದಲು ನಾವೇ ನೋಡೋಣ



ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಒಕ್ಕೂಟದ ಕಚೇರಿಯಲ್ಲಿ ನೆಟ್ ನಿಂತುಹೋಯಿತು. ಅಂದೇ ಸಾಲದ ಕಂತು ಕಟ್ಟಬೇಕಾಗಿತ್ತು. ಗಾಬರಿಯಿಂದ ರಿಪೇರಿಯವರನ್ನು ಕರೆದೆವು. ಅವರು ಬಂದು ಸಡಿಲವಾಗಿದ್ದ ಒಂದು ವಯರನ್ನು ಒತ್ತಿ, 500 ರೂಪಾಯಿ ತೆಗೆದುಕೊಂಡು ಹೋದರು. ವಾರಕ್ಕೆ 20 ರೂಪಾಯಿ ಉಳಿತಾಯ ಮಾಡುವ ಸದಸ್ಯೆಗೆ ಅದು 25 ವಾರದ ಹಣ! ಅದಕ್ಕೇ ಈ ಪಾಠ.

ನಲ್ಲಿಯಲ್ಲಿ ನೀರು ಬಾರದಿದ್ದರೆ ಮೊದಲು ನಲ್ಲಿ, ಆಮೇಲೆ ಪೈಪು, ಕೊನೆಗೆ ಟ್ಯಾಂಕು ನೋಡುತ್ತೇವೆ. ನೆಟ್ ಕೂಡ ಹಾಗೆಯೇ. ಹತ್ತಿರದಿಂದ ದೂರಕ್ಕೆ ನೋಡುತ್ತಾ ಹೋಗಬೇಕು.

1. ಒಬ್ಬರಿಗೋ, ಎಲ್ಲರಿಗೋ?
ಅದೇ ವೈಫೈಗೆ ಇನ್ನೊಂದು ಫೋನ್ ಜೋಡಿಸಿ ನೋಡಿರಿ. ಅದರಲ್ಲಿ ಬಂದರೆ ತೊಂದರೆ ನಮ್ಮ ಫೋನ್ ಅಥವಾ ಕಂಪ್ಯೂಟರಿನದು. ಏರೋಪ್ಲೇನ್ ಮೋಡ್ ಆನ್ ಆಗಿದೆಯಾ? ಕಂಪ್ಯೂಟರಿನ ದಿನಾಂಕ ಸರಿ ಇದೆಯಾ? ದಿನಾಂಕ ತಪ್ಪಿದ್ದರೆ ಬ್ಯಾಂಕಿನಂಥ ಅನೇಕ ಜಾಲತಾಣಗಳು ತೆರೆಯುವುದಿಲ್ಲ. ಒಂದೇ ಜಾಲತಾಣ ತೆರೆಯದೆ ಉಳಿದದ್ದೆಲ್ಲ ಬಂದರೆ ತಪ್ಪು ಹೆಚ್ಚಾಗಿ ಅವರದ್ದೇ. ಸ್ವಲ್ಪ ಕಾಯಿರಿ.

2. ಡಬ್ಬಿಯ ದೀಪ ನೋಡಿರಿ
ಯಾರ ಫೋನಿನಲ್ಲೂ ಬಾರದಿದ್ದರೆ ಮೋಡೆಮ್ ಡಬ್ಬಿಯ ಹತ್ತಿರ ಹೋಗಿ. ಒಂದು ದೀಪವೂ ಇಲ್ಲದಿದ್ದರೆ ಕರೆಂಟು, ಪ್ಲಗ್, ಅಡಾಪ್ಟರ್ ನೋಡಿರಿ. ಫೈಬರ್ ಸಂಪರ್ಕದಲ್ಲಿ 'ಎಲ್.ಒ.ಎಸ್.' ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕು ಡಬ್ಬಿಗೆ ತಲುಪುತ್ತಿಲ್ಲ ಎಂದರ್ಥ. ಫೈಬರ್ ವಯರಿನ ಒಳಗಿರುವುದು ಗಾಜಿನ ಎಳೆ. ಮಡಚಿದ್ದರೆ ಮೆಲ್ಲನೆ ಬಿಡಿಸಿರಿ, ಎಳೆಯಬೇಡಿ. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

3. ಆಫ್ ಮಾಡಿ, ಆನ್ ಮಾಡಿ
ಸ್ವಿಚ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಆನ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಎಷ್ಟೋ ಸಲ ಇಷ್ಟೇ ಸಾಕು. ರೀಸೆಟ್ ಎಂಬ ಸಣ್ಣ ತೂತಿಗೆ ಮಾತ್ರ ಪಿನ್ನು ಚುಚ್ಚಬೇಡಿ. ಕಂಪನಿಯವರು ಹಾಕಿಕೊಟ್ಟದ್ದೆಲ್ಲ ಅಳಿಸಿಹೋಗುತ್ತದೆ.

4. ಹಣ ಕಟ್ಟಿದ್ದೇವಾ?
ಪ್ಯಾಕಿನ ಅವಧಿ ಮುಗಿದಿದ್ದರೂ ನೆಟ್ ನಿಲ್ಲುತ್ತದೆ. ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

5. ಆಮೇಲೆ ದೂರು
ಬಿಲ್ಲಿನಲ್ಲಿರುವ ನಂಬರಿಗೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರನ್ನು ನಂಬಬೇಡಿ. ಅಲ್ಲಿ ಮೋಸಗಾರರೂ ಇದ್ದಾರೆ. ಓಟಿಪಿ, ಯುಪಿಐ ಪಿನ್ ಯಾರಿಗೂ ಹೇಳಬೇಡಿ. ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದೂರಿನ ನಂಬರು, ದಿನ, ಸಮಯ ಪುಸ್ತಕದಲ್ಲಿ ಬರೆದುಕೊಳ್ಳಿ. ಅಷ್ಟರವರೆಗೆ ಅವಸರದ ಕೆಲಸವನ್ನು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಮುಗಿಸಬಹುದು.

ಲೆಕ್ಕದ ಪುಸ್ತಕ ಬರೆಯಲು ಕಲಿತವರು ನಾವು. ಈ ಡಬ್ಬಿಗೆ ಹೆದರಬೇಕಾ?

ಸಭೆಯಲ್ಲಿ ಚರ್ಚಿಸಿರಿ:
• ನಮ್ಮ ಡಬ್ಬಿಯಲ್ಲಿ ಎಷ್ಟು ದೀಪಗಳಿವೆ? ಸರಿ ಇರುವಾಗ ಯಾವ ದೀಪ ಯಾವ ಬಣ್ಣ? ಇಂದೇ ಬರೆದಿಡಿ.
• ದೂರಿನ ನಂಬರು ಎಲ್ಲರಿಗೂ ಕಾಣುವಂತೆ ಅಂಟಿಸಿದ್ದೇವಾ?
• ಮುಂದಿನ ಸಭೆಯಲ್ಲಿ ಇದನ್ನು ಮಾಡಿ ತೋರಿಸುವ ಇಬ್ಬರು ಸದಸ್ಯೆಯರು ಯಾರು?